ಮಾನಿಟರು ಪಾಠ ಹೇಳುತ್ತಿದ್ದ ಕಾಲ

ಮೇಷ್ಟ್ರು ತರಗತಿಯಿಂದ ಹೊರಗೆ ಹೋಗಬೇಕಾಗಿದೆ. ಹೋಗುವ ಮುನ್ನ ಮಾನಿಟರನ್ನು ಕರೆದು ಅವನ ಕೈಗೆ ಸೀಮೆಸುಣ್ಣ ಕೊಡುತ್ತಾರೆ. 'ಗಲಾಟೆ ಮಾಡಿದವರ ಹೆಸರು ಬೋರ್ಡಿನ ಮೇಲೆ ಬರಿ' ಎಂದು ಅಪ್ಪಣೆಯಾಗುತ್ತದೆ. ಮಾನಿಟರು ಬೋರ್ಡಿನ ಒಂದು ಮೂಲೆಯಲ್ಲಿ ಗೆರೆ ಎಳೆದು ಗಂಭೀರವಾಗಿ ನಿಲ್ಲುತ್ತಾನೆ. ತನಗಾಗದವರ ಹೆಸರು ಮೊದಲು ಏರುತ್ತದೆ. ಗೆಳೆಯನ ಹೆಸರು ಬರೆದರೂ ಮೇಷ್ಟ್ರು ಬರುವ ಹೊತ್ತಿಗೆ ಅಳಿಸಿಹೋಗಿರುತ್ತದೆ. ಪೆಪ್ಪರಮಿಂಟು ಕೊಟ್ಟವನ ಹೆಸರಂತೂ ಬರುವುದೇ ಇಲ್ಲ. ಕನ್ನಡ ಶಾಲೆಯಲ್ಲಿ ಓದಿದವರಿಗೆಲ್ಲ ಈ ದೃಶ್ಯ ಪರಿಚಿತವೇ.

ಈ ಮಾನಿಟರಿಗೆ ಒಂದು ಚರಿತ್ರೆ ಇದೆ. ಇನ್ನೂರು ವರ್ಷಗಳ ಹಿಂದೆ ಲೋಕದ ಸಾವಿರಾರು ಪ್ರಾಥಮಿಕ ಶಾಲೆಗಳಲ್ಲಿ ಆತ ಗಲಾಟೆಯ ಲೆಕ್ಕ ಇಡುತ್ತಿರಲಿಲ್ಲ, ಪಾಠ ಹೇಳುತ್ತಿದ್ದ. ಆ ಕೆಲಸ ಅವನಿಗೆ ಸಿಕ್ಕಿದ್ದು ಮದರಾಸಿನ ಒಂದು ಚಿಕ್ಕ ಕ್ರೈಸ್ತ ಶಾಲೆಯಲ್ಲಿ. ಆ ಶಾಲೆಗೆ ದಾರಿ ತೋರಿಸಿದ್ದು ಬೀದಿ ಬದಿಯ ಮರಳಿನಲ್ಲಿ ಬೆರಳಾಡಿಸುತ್ತಿದ್ದ ಹಳ್ಳಿಯ ಮಕ್ಕಳು.

ಎಗ್ಮೋರಿನ ಅನಾಥ ಶಾಲೆ

1789ನೇ ಇಸವಿ. ಈಸ್ಟ್ ಇಂಡಿಯಾ ಕಂಪೆನಿಯ ಸೈನ್ಯದಲ್ಲಿದ್ದು ಸತ್ತುಹೋದ ಅಥವಾ ಮಕ್ಕಳನ್ನು ಬಿಟ್ಟುಹೋದ ಯುರೋಪಿಯನ್ ಸಿಪಾಯಿಗಳ ಗಂಡುಮಕ್ಕಳಿಗಾಗಿ ಮದರಾಸಿನ ಎಗ್ಮೋರಿನಲ್ಲಿ ಒಂದು ಅನಾಥಾಲಯ ಆರಂಭವಾಯಿತು. ಹಳೆಯ ಸಣ್ಣ ಕೋಟೆಯೊಂದು ಅದರ ಕಟ್ಟಡ. ಆ ಮಕ್ಕಳಲ್ಲಿ ಹೆಚ್ಚಿನವರ ತಾಯಂದಿರು ಈ ದೇಶದವರು. ತಂದೆಯ ಕಡೆಯವರು ಅವರನ್ನು ತಮ್ಮವರೆನ್ನುತ್ತಿರಲಿಲ್ಲ, ತಾಯಿಯ ಕಡೆಯವರು ಹತ್ತಿರ ಸೇರಿಸುತ್ತಿರಲಿಲ್ಲ. ಅಂಥ ಹುಡುಗರಿಗೆ ಅನ್ನ, ಬಟ್ಟೆ, ಪ್ರಾರ್ಥನೆ ಮತ್ತು ಅಕ್ಷರ ಕೊಡುವುದು ಸಂಸ್ಥೆಯ ಉದ್ದೇಶ. ಮಕ್ಕಳ ಸಂಖ್ಯೆ ಕ್ರಮೇಣ ಇನ್ನೂರರ ಹತ್ತಿರ ಬಂತು.

ಇದರ ಮೇಲ್ವಿಚಾರಕನಾಗಿ ಬಂದವನು ಆಂಡ್ರ್ಯೂ ಬೆಲ್ ಎಂಬ ಆಂಗ್ಲಿಕನ್ ಪಾದ್ರಿ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ಊರಿನ ಕ್ಷೌರಿಕನೊಬ್ಬನ ಮಗ, ಹುಟ್ಟಿದ್ದು 1753ರಲ್ಲಿ. ಊರಿನ ವಿಶ್ವವಿದ್ಯಾಲಯದಲ್ಲಿ ಓದಿ, ಅಮೆರಿಕದ ವರ್ಜೀನಿಯಾದಲ್ಲಿ ಮನೆಪಾಠ ಹೇಳಿ, 1787ರಲ್ಲಿ ಮದರಾಸಿಗೆ ಬಂದಿದ್ದ. ಗಣಿತ ಮತ್ತು ಭೌತವಿಜ್ಞಾನದಲ್ಲಿ ಅವನಿಗೆ ಬಹಳ ಆಸಕ್ತಿ. ಉಪಕರಣಗಳನ್ನು ಇಟ್ಟುಕೊಂಡು, ಪ್ರಯೋಗಗಳನ್ನು ಮಾಡಿ ತೋರಿಸುತ್ತ ಸಾರ್ವಜನಿಕ ಉಪನ್ಯಾಸಗಳನ್ನೂ ಕೊಟ್ಟವನು. ಅನಾಥಾಲಯದ ಕೆಲಸಕ್ಕೆ ಗೊತ್ತುಮಾಡಿದ ಸಂಬಳವನ್ನು ಆತ ಬೇಡವೆಂದ. ಅದು ಸಂಪೂರ್ಣ ತ್ಯಾಗವೇನೂ ಅಲ್ಲ. ಹಲವು ಪಲ್ಟನ್ನುಗಳ ಪಾದ್ರಿಯಾಗಿ ಅವನಿಗೆ ಬೇರೆ ಕಡೆಯಿಂದ ಸಾಕಷ್ಟು ವರಮಾನ ಬರುತ್ತಿತ್ತು. ಆದರೂ ದಿನದ ಬಹುಪಾಲು ಸಮಯವನ್ನು ಆತ ಈ ಶಾಲೆಗೇ ಕೊಟ್ಟ ಎಂಬುದು ನಿಜ.

ಶಾಲೆಯ ಸ್ಥಿತಿ ಚೆನ್ನಾಗಿರಲಿಲ್ಲ. ಕಡಿಮೆ ಸಂಬಳಕ್ಕೆ ಒಳ್ಳೆಯ ಉಪಾಧ್ಯಾಯರು ಸಿಗುತ್ತಿರಲಿಲ್ಲ. ಸಿಕ್ಕವರು ಸ್ವಲ್ಪ ಕೆಲಸ ಕಲಿತ ಕೂಡಲೇ ಬೇರೆ ಕಡೆ ಹೆಚ್ಚಿನ ಸಂಬಳ ಹುಡುಕಿಕೊಂಡು ಹೋಗುತ್ತಿದ್ದರು. ಕೆಳಗಿನ ತರಗತಿಯ ಮಕ್ಕಳು ತಿಂಗಳುಗಟ್ಟಲೆ ಅಕ್ಷರಮಾಲೆಯಲ್ಲೇ ತೊಳಲಾಡುತ್ತಿದ್ದರು. ಇಂದಿಗೂ ಅನೇಕ ಸಣ್ಣ ಶಾಲೆಗಳ ಕಥೆ ಇದೇ ಆಗಿರುವುದರಿಂದ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಒಂದು ಬೆಳಗಿನ ಸವಾರಿ

ಒಂದು ದಿನ ಬೆಳಿಗ್ಗೆ ಬೆಲ್ ಕುದುರೆಯ ಮೇಲೆ ಸವಾರಿ ಹೊರಟಿದ್ದಾಗ ದಾರಿಯಲ್ಲಿ ಒಂದು ಶಾಲೆ ಕಂಡಿತು. ಆ ಕಾಲದ ಇಂಗ್ಲಿಷರು ತಮಿಳರನ್ನೂ 'ಮಲಬಾರಿನವರು' ಎಂದೇ ಕರೆಯುತ್ತಿದ್ದುದರಿಂದ ಆತ ಅದನ್ನು ಮಲಬಾರ್ ಶಾಲೆ ಎಂದು ಕರೆದಿದ್ದಾನೆ. ಕಟ್ಟಡವಿಲ್ಲ, ಬೆಂಚಿಲ್ಲ, ಪುಸ್ತಕವಿಲ್ಲ. ಮಕ್ಕಳು ನೆಲದ ಮೇಲೆ ಸಾಲಾಗಿ ಕುಳಿತಿದ್ದರು. ಮುಂದೆ ಮರಳು ಹರಡಿತ್ತು. ಬಾಯಲ್ಲಿ ಅಕ್ಷರವನ್ನು ಹೇಳುತ್ತ ಬೆರಳಿನಿಂದ ಅದನ್ನೇ ಮರಳಿನ ಮೇಲೆ ಬರೆಯುತ್ತಿದ್ದರು. ಬರೆದದ್ದನ್ನು ಅಂಗೈಯಿಂದ ಸವರಿ ಮತ್ತೆ ಬರೆಯುತ್ತಿದ್ದರು.

ಬೆಲ್‌ಗೆ ತನ್ನ ಸಮಸ್ಯೆಗೆ ಉತ್ತರ ಸಿಕ್ಕಿದಂತಾಯಿತು. ಕುದುರೆಯನ್ನು ತಿರುಗಿಸಿ ಓಡಿಸಿಕೊಂಡು ಬಂದವನೇ ಕೆಳ ತರಗತಿಯ ಉಪಾಧ್ಯಾಯನಿಗೆ ನಾಳೆಯಿಂದ ಅಕ್ಷರಗಳನ್ನು ಮರಳಿನಲ್ಲೇ ಕಲಿಸಬೇಕೆಂದು ಹೇಳಿದ. ಉಪಾಧ್ಯಾಯ ಮನಸ್ಸಿಟ್ಟು ಮಾಡಲಿಲ್ಲ. ಬೀದಿ ಶಾಲೆಯ ಪದ್ಧತಿ ಇಂಗ್ಲಿಷ್ ಶಾಲೆಗೆ ಹೇಗೆ ಬಂದೀತು? ಕೊನೆಗೆ, ಹೀಗೆ ಕಲಿಸುವುದು ಸಾಧ್ಯವೇ ಇಲ್ಲ ಎಂದುಬಿಟ್ಟ.

ದೊಡ್ಡವರು ಒಲ್ಲೆನೆಂದಾಗ ಬೆಲ್ ಮಕ್ಕಳ ಕಡೆಗೆ ತಿರುಗಿದ. ಜಾನ್ ಫ್ರಿಸ್ಕೆನ್ ಎಂಬ ಹುಡುಗನನ್ನು ಆರಿಸಿದ. ಸಾಮಾನ್ಯ ಸಿಪಾಯಿಯೊಬ್ಬನ ಮಗ. ಅದೇ ಅನಾಥಾಲಯದಲ್ಲಿ ಅಕ್ಷರ ಕಲಿತವನು. ವಯಸ್ಸು ಸುಮಾರು ಎಂಟು. ಇವನನ್ನು ಅಕ್ಷರದ ತರಗತಿಗೆ ಗುರುವಾಗಿ ಕೂರಿಸಿದ. ಉಪಾಧ್ಯಾಯ ಅಸಾಧ್ಯವೆಂದ ಕೆಲಸವನ್ನು ಈ ಎಂಟು ವರ್ಷದ ಪೋರ ಮಾಡಿ ತೋರಿಸಿದ. ಅವನ ತರಗತಿ ಚುರುಕಾಗಿ ಮುಂದೆ ಬಂತು. ಅದನ್ನು ನೋಡಿ ಬೆಲ್ ಉಳಿದ ಕೆಳ ತರಗತಿಗಳನ್ನೂ ಒಂದೊಂದಾಗಿ ಹುಡುಗರ ಕೈಗೆ ಒಪ್ಪಿಸಿದ.

ಮರಳು ಮಾಡಿದ ಕೆಲಸ

ಹೊರನೋಟಕ್ಕೆ ಇದು ಬಡವರ ಉಪಾಯ. ಕಾಗದ ದುಬಾರಿ, ಮರಳು ಪುಕ್ಕಟೆ. ಆದರೆ ಮರಳಿಗೆ ಬೇರೆ ಗುಣಗಳೂ ಇವೆ.

ಲೇಖನಿ ಹಿಡಿಯುವುದೇ ಐದು ವರ್ಷದ ಮಗುವಿಗೆ ಒಂದು ಪ್ರತ್ಯೇಕ ವಿದ್ಯೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರನ್ನೂ ಹೊಂದಿಸಿ ಹಿಡಿಯಬೇಕು. ಒತ್ತಡ ಹೆಚ್ಚಾಗಬಾರದು, ಕಡಿಮೆಯಾಗಬಾರದು. ಈ ಹೋರಾಟದಲ್ಲಿ ಅಕ್ಷರದ ಆಕಾರದ ಕಡೆಗೆ ಗಮನ ಹೋಗುವುದೇ ಕಷ್ಟ. ಬೆರಳಿನಿಂದ ಬರೆಯುವಾಗ ಆ ತೊಡಕಿಲ್ಲ. ಬೆರಳ ತುದಿಯಲ್ಲಿ ಸ್ಪರ್ಶವನ್ನು ಗ್ರಹಿಸುವ ನರಗಳ ತುದಿಗಳು ದಟ್ಟವಾಗಿವೆ. ಮರಳಿನ ಕಣಗಳು ಉಜ್ಜುವಾಗ ಅಕ್ಷರದ ತಿರುವು, ಸುಳಿ, ಕೊಂಬು ಎಲ್ಲವೂ ಚರ್ಮಕ್ಕೆ ತಿಳಿಯುತ್ತವೆ. ಕಣ್ಣು ನೋಡುತ್ತದೆ, ಬಾಯಿ ಹೇಳುತ್ತದೆ, ಕಿವಿ ಕೇಳುತ್ತದೆ, ಕೈಯ ಸ್ನಾಯುಗಳು ಆ ಚಲನೆಯನ್ನು ರೂಢಿಸಿಕೊಳ್ಳುತ್ತವೆ. ಒಂದು ಅಕ್ಷರ ನಾಲ್ಕು ಬಾಗಿಲುಗಳಿಂದ ಒಳಗೆ ಹೋದಂತೆ. 1907ರಲ್ಲಿ ರೋಮಿನಲ್ಲಿ ಶಿಶುಶಾಲೆ ತೆರೆದ ಮರಿಯಾ ಮಾಂಟೆಸ್ಸರಿ ಮರಳುಕಾಗದದಲ್ಲಿ ಅಕ್ಷರಗಳನ್ನು ಕತ್ತರಿಸಿ ಮಕ್ಕಳ ಬೆರಳಾಡಿಸಿದ್ದೂ ಇದೇ ತತ್ತ್ವದ ಮೇಲೆ.

ಇನ್ನೊಂದು ಗುಣ ಅದಕ್ಕಿಂತ ದೊಡ್ಡದು. ಮರಳಿನ ಮೇಲಿನ ತಪ್ಪು ಉಳಿಯುವುದಿಲ್ಲ. ಪುಸ್ತಕದಲ್ಲಿ ಬರೆದ ತಪ್ಪಿಗೆ ಕೆಂಪು ಶಾಯಿ ಬೀಳುತ್ತದೆ, ಅದು ಮನೆಗೆ ಹೋಗುತ್ತದೆ, ಅಪ್ಪ ನೋಡುತ್ತಾನೆ. ಮರಳಿನ ತಪ್ಪು ಅಂಗೈಯ ಒಂದು ಸವರಿಕೆಗೆ ಇಲ್ಲವಾಗುತ್ತದೆ. ಭಯವಿಲ್ಲದೆ ಹತ್ತು ಸಲ ತಪ್ಪು ಬರೆಯುವ ಮಗು ಹನ್ನೊಂದನೆಯ ಸಲ ಸರಿ ಬರೆಯುತ್ತದೆ. ಎಗ್ಮೋರಿನಲ್ಲಿ ಅಂಚುಕಟ್ಟಿದ ಮರದ ತಟ್ಟೆಗಳಲ್ಲಿ ಮರಳು ತುಂಬಿಸಿದರು. ತಟ್ಟೆಯನ್ನು ಒಮ್ಮೆ ಅಲ್ಲಾಡಿಸಿದರೆ ಹೊಸ ಹಾಳೆ ಸಿದ್ಧ.

ಕಲಿಸುತ್ತ ಕಲಿಯುವುದು

ಮರಳಿನಿಂದ ಆರಂಭವಾದ ಪ್ರಯೋಗ ಇಡೀ ಶಾಲೆಯ ವ್ಯವಸ್ಥೆಯನ್ನೇ ಬದಲಿಸಿತು. ಪ್ರತಿ ತರಗತಿಯಲ್ಲೂ ಮಕ್ಕಳನ್ನು ಜೋಡಿಗಳಾಗಿ ಮಾಡಿದರು. ಒಬ್ಬ ಹೇಳಿಕೊಡುವವನು, ಇನ್ನೊಬ್ಬ ಹೇಳಿಸಿಕೊಳ್ಳುವವನು. ಜೋಡಿಗಳ ಮೇಲೆ ಒಬ್ಬ ಹಿರಿಯ ಹುಡುಗ. ಅವನ ಮೇಲೆ ಉಪಾಧ್ಯಾಯ. ಪಾಠ ಚಿಕ್ಕದಾಗಿರಬೇಕು. ಒಂದು ಪಾಠ ಪೂರ್ತಿ ಬಂದಮೇಲೆಯೇ ಮುಂದಿನದು. ಅಂದು ಯಾರು ಎಷ್ಟು ಕಲಿತರು ಎಂಬುದಕ್ಕೆ ದಿನದಿನದ ಲೆಕ್ಕ. ಚೆನ್ನಾಗಿ ಕಲಿತವನು ಸಾಲಿನಲ್ಲಿ ಮುಂದೆ ಹೋಗುತ್ತಾನೆ. ಹಿಂದೆ ಬಿದ್ದವನು ಮತ್ತೆ ದುಡಿದು ತನ್ನ ಜಾಗ ಗಳಿಸಿಕೊಳ್ಳಬಹುದು.

ಬೆತ್ತದ ಬಗ್ಗೆ ಬೆಲ್‌ಗೆ ಒಲವಿರಲಿಲ್ಲ. ತಪ್ಪು ಮಾಡಿದವರ ಹೆಸರನ್ನು ಒಂದು ಕಪ್ಪು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ವಾರಕ್ಕೊಮ್ಮೆ ಅದನ್ನು ಎಲ್ಲರ ಮುಂದೆ ಓದಿ, ಹುಡುಗರೇ ಪಂಚಾಯಿತರಾಗಿ ಕುಳಿತು ತೀರ್ಮಾನ ಹೇಳುತ್ತಿದ್ದರು. ಬೋರ್ಡಿನ ಮೇಲೆ ಹೆಸರು ಬರೆಯುವ ಇಂದಿನ ಮಾನಿಟರಿನ ಅಜ್ಜ ಈ ಕಪ್ಪು ಪುಸ್ತಕದಲ್ಲಿ ಕಾಣಿಸುತ್ತಾನೆ. ಆದರೆ ಅಲ್ಲಿ ಅದು ಅವನ ಮುಖ್ಯ ಕೆಲಸವಾಗಿರಲಿಲ್ಲ.

ಇದರಲ್ಲಿ ಯಾರಿಗೆ ಲಾಭ? ಮೇಲ್ನೋಟಕ್ಕೆ ಹೇಳಿಸಿಕೊಂಡವನಿಗೆ. ನಿಜವಾದ ಲಾಭ ಹೇಳಿಕೊಟ್ಟವನಿಗೆ. ಯಾವುದೇ ಪಾಠವನ್ನು ಇನ್ನೊಬ್ಬರಿಗೆ ವಿವರಿಸಲು ಹೊರಟಾಗಲೇ ತನಗೆ ಎಲ್ಲಿ ಅರ್ಥವಾಗಿಲ್ಲ ಎಂಬುದು ಗೊತ್ತಾಗುವುದು. ಇದು ಪಾಠ ಮಾಡಿದವರಿಗೆಲ್ಲ ಅನುಭವವಿರುವ ಸಂಗತಿ. ಭಿನ್ನರಾಶಿಯನ್ನು ಪರೀಕ್ಷೆಗೆ ಬೇಕಾದಷ್ಟು ಕಲಿತ ಹುಡುಗ, 'ಛೇದ ದೊಡ್ಡದಾದರೆ ಭಿನ್ನರಾಶಿ ಯಾಕೆ ಚಿಕ್ಕದಾಗುತ್ತೆ?' ಎಂದು ಕಿರಿಯನೊಬ್ಬ ಕೇಳಿದಾಗ ತಬ್ಬಿಬ್ಬಾಗುತ್ತಾನೆ. ಆಮೇಲೆ ಒಂದು ರೊಟ್ಟಿಯನ್ನು ನಾಲ್ಕು ಭಾಗ, ಎಂಟು ಭಾಗ ಮಾಡಿ ತೋರಿಸುತ್ತಾನೆ. ಆ ಕ್ಷಣದಲ್ಲಿ ಇಬ್ಬರೂ ಕಲಿಯುತ್ತಾರೆ.

ಟಿಪ್ಪುವಿನ ಮುಂದೆ ಒಬ್ಬ ವಿದ್ಯಾರ್ಥಿ

ಈ ಶಾಲೆ ಎಂಥ ಹುಡುಗರನ್ನು ತಯಾರುಮಾಡಿತು ಎಂಬುದಕ್ಕೆ ಕನ್ನಡ ನಾಡಿನಲ್ಲೇ ನಡೆದ ಒಂದು ಪ್ರಸಂಗ ಸಾಕ್ಷಿಯಾಗಿದೆ.

1792ರ ಶ್ರೀರಂಗಪಟ್ಟಣದ ಒಪ್ಪಂದದಂತೆ ಟಿಪ್ಪು ಸುಲ್ತಾನ ತನ್ನ ಇಬ್ಬರು ಮಕ್ಕಳನ್ನು ಇಂಗ್ಲಿಷರಿಗೆ ಒತ್ತೆಯಾಗಿ ಕೊಡಬೇಕಾಯಿತು. ಹಣದ ಬಾಕಿ ತೀರಿದ ಮೇಲೆ, 1794ರಲ್ಲಿ, ಕ್ಯಾಪ್ಟನ್ ಡವ್‌ಟನ್ ಆ ರಾಜಕುಮಾರರನ್ನು ಮದರಾಸಿನಿಂದ ಕರೆತಂದು ದೇವನಹಳ್ಳಿಯಲ್ಲಿ ತಂದೆಗೆ ಒಪ್ಪಿಸಿದ. ಆ ತಂಡದ ಜೊತೆ ಎಗ್ಮೋರ್ ಶಾಲೆಯ ಹದಿಹರೆಯದ ವಿದ್ಯಾರ್ಥಿ ವಿಲಿಯಂ ಸ್ಮಿತ್ ಎಂಬಾತನೂ ಬಂದಿದ್ದ. ಟಿಪ್ಪುವಿಗೆ ಕಾಣಿಕೆಯಾಗಿ ತಂದಿದ್ದ ವಿಜ್ಞಾನದ ಉಪಕರಣಗಳನ್ನು ಬಳಸಿ ತೋರಿಸುವುದು ಅವನ ಕೆಲಸ.

ಸನ್ನೆ, ತಿರುಪು, ನೀರೆತ್ತುವ ಪಂಪು, ವಕ್ರನಾಳ, ಆರ್ಕಿಮಿಡೀಸನ ಸುರುಳಿ, ವಿದ್ಯುತ್ತಿನ ಪ್ರಯೋಗಗಳು ಹೀಗೆ ಒಂದೊಂದನ್ನೇ ಆ ಅನಾಥ ಹುಡುಗ ಮೈಸೂರಿನ ಸುಲ್ತಾನನ ಮುಂದೆ ನಡೆಸಿದ. ಟಿಪ್ಪು ಕುತೂಹಲದಿಂದ ನೋಡಿದ. ಯಂತ್ರಗಳ ವಿಷಯದಲ್ಲಿ ಆತನೂ ಸಾಮಾನ್ಯನಲ್ಲ. ಗಾಳಿಯನ್ನು ಒತ್ತಿ ನೀರನ್ನು ಚಿಮ್ಮಿಸುವ ಯಂತ್ರವನ್ನು ನೋಡಿ, ಇಂಥದ್ದು ತನ್ನಲ್ಲೂ ಇದೆ, ತಾನೇ ಮಾಡಿಸಿದ್ದು, ಅದು ಇದಕ್ಕಿಂತ ಎತ್ತರಕ್ಕೆ ನೀರು ಚಿಮ್ಮಿಸುತ್ತದೆ ಎಂಬರ್ಥದ ಮಾತು ಹೇಳಿದನಂತೆ. ಈ ಸಂಗತಿಗಳನ್ನು ಸ್ಮಿತ್ ಬೆಲ್‌ಗೆ ಬರೆದ ಕಾಗದದಲ್ಲಿ ವರದಿ ಮಾಡಿದ್ದಾನೆ. ಸೋತ ದೊರೆ, ತಂದೆಯಿಲ್ಲದ ಹುಡುಗ. ಇಬ್ಬರ ನಡುವೆ ಒಂದು ನೀರಿನ ಯಂತ್ರ. ಸ್ವಲ್ಪ ಹೊತ್ತಾದರೂ ಅಲ್ಲಿ ಮಾತು ಯುದ್ಧದ್ದಾಗಿರದೆ ವಿಜ್ಞಾನದ್ದಾಗಿತ್ತು.

ಅದೇ 1794ರಲ್ಲಿ ಮೈಕೇಲ್ ಟಾಪಿಂಗ್ ಎಂಬಾತ ಮದರಾಸಿನಲ್ಲಿ ಮೋಜಣಿ ಶಾಲೆ ತೆರೆದಾಗ ಅದರ ಮೊದಲ ಎಂಟು ವಿದ್ಯಾರ್ಥಿಗಳು ಬಂದದ್ದು ಈ ಅನಾಥಾಲಯದಿಂದಲೇ. ಮುಂದೆ 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆ ಅಳೆದು ಭಾರತದ ಮಹಾ ಮೋಜಣಿಗೆ ಬುನಾದಿ ಹಾಕಿದ ವಿಲಿಯಂ ಲ್ಯಾಂಬ್ಟನ್‌ನ ಜೊತೆ ವರ್ಷಗಟ್ಟಲೆ ದುಡಿದ ಜೋಶುವಾ ಡಿ ಪೆನ್ನಿಂಗ್ ಕೂಡ ಇದೇ ಶಾಲೆಯ ಹುಡುಗ. ಯಾರಿಗೂ ಬೇಡವಾಗಿದ್ದ ಮಕ್ಕಳು ನಾಡನ್ನು ಅಳೆಯುವ ಕೆಲಸಕ್ಕೆ ಬಂದರು.

ಮದರಾಸಿನಿಂದ ಲಂಡನ್ನಿಗೆ

1796ರಲ್ಲಿ ಬೆಲ್ ಸ್ವದೇಶಕ್ಕೆ ಮರಳಿದ. ಮರುವರ್ಷ ಎಗ್ಮೋರಿನ ಪ್ರಯೋಗವನ್ನು ಕುರಿತು ಒಂದು ಚಿಕ್ಕ ಪುಸ್ತಕವನ್ನು ಲಂಡನ್ನಿನಲ್ಲಿ ಅಚ್ಚುಹಾಕಿಸಿದ. 1798ರಲ್ಲಿ ಲಂಡನ್ನಿನ ಆಲ್ಡ್‌ಗೇಟ್‌ನ ಒಂದು ಧರ್ಮಶಾಲೆಯಲ್ಲಿ ಈ ಪದ್ಧತಿ ಜಾರಿಗೆ ಬಂತು. ಜನ ಅದನ್ನು 'ಮದರಾಸ್ ಪದ್ಧತಿ' ಎಂದೇ ಕರೆದರು.

ಅದೇ ಸಮಯಕ್ಕೆ ಜೋಸೆಫ್ ಲ್ಯಾಂಕಾಸ್ಟರ್ ಎಂಬ ಕ್ವೇಕರ್ ತರುಣ ಲಂಡನ್ನಿನ ಬರೋ ರಸ್ತೆಯಲ್ಲಿ ಬಡಮಕ್ಕಳಿಗಾಗಿ ಶಾಲೆ ನಡೆಸುತ್ತಿದ್ದ. ಅವನೂ ಮಾನಿಟರುಗಳನ್ನು ಬಳಸಿದ. ತನ್ನ ಪುಸ್ತಕದಲ್ಲಿ ಬೆಲ್‌ನ ಋಣವನ್ನು ನೆನೆದ. ಆದರೆ ಮುಂದೆ ಇಬ್ಬರ ಬೆಂಬಲಿಗರ ನಡುವೆ, ಈ ಪದ್ಧತಿಯನ್ನು ಮೊದಲು ಕಂಡುಹಿಡಿದವರು ಯಾರು ಎಂದು ದೊಡ್ಡ ಜಗಳವೇ ಆಯಿತು. ಒಂದು ಕಡೆ ಇಂಗ್ಲೆಂಡಿನ ಅಧಿಕೃತ ಚರ್ಚು, ಇನ್ನೊಂದು ಕಡೆ ಅದರಿಂದ ಹೊರಗಿದ್ದ ಕ್ರೈಸ್ತ ಪಂಗಡಗಳು. 1811ರಲ್ಲಿ ಬೆಲ್‌ನ ಪಕ್ಷದವರು ನ್ಯಾಷನಲ್ ಸೊಸೈಟಿ ಸ್ಥಾಪಿಸಿದರು. ಲ್ಯಾಂಕಾಸ್ಟರ್‌ನ ಪಕ್ಷದ ಸಂಸ್ಥೆಗೆ 1814ರಲ್ಲಿ ಬ್ರಿಟಿಷ್ ಅಂಡ್ ಫಾರಿನ್ ಸ್ಕೂಲ್ ಸೊಸೈಟಿ ಎಂಬ ಹೆಸರಾಯಿತು. ಜಗಳದಿಂದ ಒಂದು ಉಪಕಾರವೂ ಆಯಿತು: ಪೈಪೋಟಿಯ ಮೇಲೆ ಊರೂರಿಗೆ ಶಾಲೆಗಳು ಬಂದವು. ಬ್ರಿಟಿಷ್ ಸರ್ಕಾರ 1833ರಲ್ಲಿ ಮೊದಲ ಬಾರಿಗೆ ಬಡಮಕ್ಕಳ ಶಾಲೆಗಳಿಗೆ 20,000 ಪೌಂಡು ಕೊಟ್ಟಾಗ ಆ ಹಣ ಹಂಚಿಹೋದದ್ದು ಈ ಎರಡು ಸಂಸ್ಥೆಗಳ ಮೂಲಕವೇ. ಬೆಲ್ 1832ರಲ್ಲಿ ತೀರಿಕೊಂಡ. ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಅವನ ಸಮಾಧಿಯಾಯಿತು. ಅವನ ಹಣದಿಂದ ಸೇಂಟ್ ಆಂಡ್ರ್ಯೂಸ್‌ನಲ್ಲಿ ಸ್ಥಾಪನೆಯಾದ ಶಾಲೆಗೆ ಇಂದಿಗೂ 'ಮದ್ರಾಸ್ ಕಾಲೇಜ್' ಎಂದೇ ಹೆಸರು.

ಇಕ್ಕೇರಿಯ ದಾರಿಯಲ್ಲಿ ನಾಲ್ಕು ಹುಡುಗರು

ಕಂಡುಹಿಡಿದವರು ಯಾರು ಎಂಬ ಜಗಳಕ್ಕೆ ಉತ್ತರ ಕನ್ನಡ ನಾಡಿನಲ್ಲಿತ್ತು. ಅದನ್ನು ಬೆಲ್ ಹುಟ್ಟುವುದಕ್ಕೆ ನೂರಮೂವತ್ತು ವರ್ಷಗಳ ಹಿಂದೆಯೇ ಬರೆದಿಟ್ಟವನು ಪಿಯೆತ್ರೋ ದೆಲ್ಲಾ ವಾಲೆ ಎಂಬ ಇಟಲಿಯ ಪ್ರವಾಸಿ.

1623ರಲ್ಲಿ ಆತ ಪೋರ್ಚುಗೀಸ್ ರಾಯಭಾರಿಯ ಜೊತೆ ಗೇರುಸೊಪ್ಪೆಯ ಮೂಲಕ ಘಟ್ಟ ಹತ್ತಿ, ಕೆಳದಿಯ ವೆಂಕಟಪ್ಪ ನಾಯಕನನ್ನು ಕಾಣಲು ಇಕ್ಕೇರಿಗೆ ಹೊರಟಿದ್ದ. ದಾರಿಯಲ್ಲಿ ಒಂದು ಗುಡಿಯ ಮುಖಮಂಟಪದಲ್ಲಿ ನಾಲ್ಕು ಹುಡುಗರು ಲೆಕ್ಕ ಕಲಿಯುತ್ತಿದ್ದುದನ್ನು ನೋಡಿದ. ಒಬ್ಬ ರಾಗವಾಗಿ ಪಾಠ ಹೇಳುತ್ತಿದ್ದ. ಹೇಳುತ್ತಲೇ ಅಂಕಿಗಳನ್ನು ನೆಲದ ಮೇಲೆ ಹರಡಿದ್ದ ನುಣುಪಾದ ಮರಳಿನಲ್ಲಿ ಬೆರಳಿನಿಂದ ಬರೆಯುತ್ತಿದ್ದ. ಉಳಿದ ಮೂವರೂ ಅದನ್ನೇ ಹಾಡಿ, ಅದನ್ನೇ ಬರೆಯುತ್ತಿದ್ದರು. ನೆಲ ತುಂಬಿದಾಗ ಕೈಯಿಂದ ಅಳಿಸಿ, ಬೇಕೆನಿಸಿದರೆ ಹತ್ತಿರದ ಗುಪ್ಪೆಯಿಂದ ಹೊಸ ಮರಳು ಹರಡಿಕೊಳ್ಳುತ್ತಿದ್ದರು. ಮಗ್ಗಿಯನ್ನು ರಾಗವಾಗಿ ಹೇಳಿ ಬೆಳೆದವರಿಗೆ ಈ ದನಿ ಕಿವಿಯಲ್ಲಿ ಕೇಳಿಸದೆ ಇರದು.

ಗುರು ಅಲ್ಲಿರಲಿಲ್ಲ. ಯಾವುದಾದರೂ ಮರೆತುಹೋದರೆ ತಿದ್ದುವವರು ಯಾರು ಎಂದು ಪ್ರವಾಸಿ ಕೇಳಿದ. ಒಂದೇ ಕಡೆ ನಾಲ್ವರೂ ಒಟ್ಟಿಗೆ ಮರೆಯುವುದು ಸಾಧ್ಯವಿಲ್ಲವಲ್ಲ, ಒಬ್ಬ ಮರೆತರೆ ಇನ್ನೊಬ್ಬ ಹೇಳುತ್ತಾನೆ ಎಂಬರ್ಥದ ಉತ್ತರ ಬಂತು. ಸಹಕಲಿಕೆಯ ಬಗ್ಗೆ ಇಷ್ಟು ಚಿಕ್ಕದಾಗಿ, ಇಷ್ಟು ಸರಿಯಾಗಿ ಹೇಳಿದ ಮಾತು ಶಿಕ್ಷಣಶಾಸ್ತ್ರದ ಪುಸ್ತಕಗಳಲ್ಲೂ ಅಪರೂಪ.

ಇನ್ನೂರು ವರ್ಷಗಳ ನಂತರವೂ ಈ ರೂಢಿ ಉಳಿದಿತ್ತು. 1822ರಲ್ಲಿ ಮದರಾಸಿನ ಗವರ್ನರ್ ಥಾಮಸ್ ಮನ್ರೋ ಪ್ರತಿ ಜಿಲ್ಲೆಯ ಶಾಲೆಗಳ ಬಗ್ಗೆ ವರದಿ ಕೇಳಿದಾಗ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರಲ್ಲಿ ವಿವರವಾದ ಉತ್ತರ ಬರೆದ. ಜಿಲ್ಲೆಯಲ್ಲಿ 533 ಶಾಲೆಗಳು. ಅವುಗಳಲ್ಲಿ ಕನ್ನಡದವು 235, ತೆಲುಗಿನವು 226. ಮಕ್ಕಳು ಬೆಳಿಗ್ಗೆ ಆರಕ್ಕೇ ಬರಬೇಕು. ಮೊದಲು ಬಂದವನ ಅಂಗೈಯಲ್ಲಿ ಗೌರವದ ಗುರುತಾಗಿ ಸರಸ್ವತಿಯ ಹೆಸರು, ಎರಡನೆಯವನಿಗೆ ಸೊನ್ನೆ, ಮೂರನೆಯವನಿಗೆ ಒಂದು ಏಟು, ನಾಲ್ಕನೆಯವನಿಗೆ ಎರಡು. ಅಕ್ಷರಾಭ್ಯಾಸ ಮರಳಿನಲ್ಲಿ. ಮುಂದುವರಿದವರು ಹಿಂದಿನವರಿಗೆ ಹೇಳಿಕೊಡಬೇಕು. ಈ ಮಿತವ್ಯಯದ ಪದ್ಧತಿ ಮೆಚ್ಚತಕ್ಕದ್ದು, ಇಂಗ್ಲೆಂಡಿನಲ್ಲಿ ಅದನ್ನು ಅನುಸರಿಸಿರುವುದು ಯೋಗ್ಯವೇ ಆಗಿದೆ ಎಂದು ಕ್ಯಾಂಪ್‌ಬೆಲ್ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡ.

ಹಾಗೆಂದು ಹಳೆಯ ಕೂಲಿಮಠಗಳನ್ನು ಸ್ವರ್ಗವೆಂದು ಭಾವಿಸಬೇಕಾಗಿಲ್ಲ. ಪದ್ಯಗಳನ್ನು ಅರ್ಥ ತಿಳಿಯದೆ ಬಾಯಿಪಾಠ ಮಾಡಿಸುತ್ತಿದ್ದರೆಂದು ಅದೇ ಕಲೆಕ್ಟರ್ ದೂರಿದ್ದಾನೆ. ಒಂಬತ್ತು ಲಕ್ಷಕ್ಕೂ ಮಿಕ್ಕಿ ಜನರಿದ್ದ ಆ ಜಿಲ್ಲೆಯಲ್ಲಿ ಶಾಲೆಗೆ ಹೋಗುತ್ತಿದ್ದವರು 6,641 ಮಕ್ಕಳು. ಅವರಲ್ಲಿ ಹುಡುಗಿಯರು 60 ಮಾತ್ರ. ಐಗಳ ಜಗಲಿಯನ್ನು ಹತ್ತಲು ಎಲ್ಲ ಜಾತಿಯ ಮಕ್ಕಳಿಗೂ ಅವಕಾಶವಿರಲಿಲ್ಲ. ಅಲ್ಲಿ ಕಲಿಸುವ ವಿದ್ಯೆ ಇತ್ತು, ಬಾಗಿಲು ಮಾತ್ರ ಕಿರಿದಾಗಿತ್ತು. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್, 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರು ಇಂಥ ಕ್ರೈಸ್ತ ಪಾದ್ರಿಗಳು ಕನ್ನಡ ಶಾಲೆಗಳನ್ನು ತೆರೆದರು. ಮತಪ್ರಚಾರದ ಉದ್ದೇಶ ಅವರಿಗಿತ್ತು, ಅದನ್ನು ಅವರು ಮರೆಮಾಚಲೂ ಇಲ್ಲ. ಆದರೆ ಜಗಲಿಯ ಕೆಳಗೇ ನಿಂತಿದ್ದ ಅನೇಕ ಮಕ್ಕಳಿಗೆ, ಹೆಣ್ಣುಮಕ್ಕಳಿಗೆ ಮೊದಲ ಬಾರಿ ಬಾಗಿಲು ತೆರೆದದ್ದು ಅಂಥ ಚಿಕ್ಕ ಶಾಲೆಗಳೇ.

ಕೆಟ್ಟದ್ದು ಎಲ್ಲಿ?

ಇಷ್ಟು ಒಳ್ಳೆಯ ಪದ್ಧತಿ ಇಂಗ್ಲೆಂಡಿನಲ್ಲಿ ಯಾಕೆ ಉಳಿಯಲಿಲ್ಲ? ಅದರ ಅಗ್ಗತನವೇ ಅದಕ್ಕೆ ಮುಳುವಾಯಿತು.

ಅದು ಕಾರ್ಖಾನೆಗಳು ಬೆಳೆಯುತ್ತಿದ್ದ ಕಾಲ. ಒಬ್ಬ ಉಪಾಧ್ಯಾಯನಿದ್ದರೆ ಸಾಕು, ಮಾನಿಟರುಗಳನ್ನು ಇಟ್ಟುಕೊಂಡು ಸಾವಿರ ಮಕ್ಕಳಿಗೆ ಕಲಿಸಬಹುದು ಎಂದು ಲ್ಯಾಂಕಾಸ್ಟರ್ ಹೇಳಿದ. ದಾನಿಗಳಿಗೆ, ಅಧಿಕಾರಿಗಳಿಗೆ ಇದಕ್ಕಿಂತ ಇಂಪಾದ ಮಾತು ಬೇರೆ ಯಾವುದು? ದೊಡ್ಡ ಹಜಾರಗಳಲ್ಲಿ ನೂರಾರು ಮಕ್ಕಳನ್ನು ಸಾಲಾಗಿ ಕೂರಿಸಿದರು. ಗಂಟೆ ಹೊಡೆದರೆ ಪಾಟಿ ಎತ್ತಬೇಕು, ಮತ್ತೆ ಹೊಡೆದರೆ ಇಳಿಸಬೇಕು. ಲ್ಯಾಂಕಾಸ್ಟರ್ ಹೊಡೆತವನ್ನು ವಿರೋಧಿಸಿದವನಾದರೂ ತುಂಟರ ಕುತ್ತಿಗೆಗೆ ಮರದ ತುಂಡು ಕಟ್ಟುವುದು, ಬುಟ್ಟಿಯಲ್ಲಿ ಕೂರಿಸಿ ಮೇಲೆ ತೂಗುಹಾಕುವುದು ಮುಂತಾದ ಅವಮಾನದ ಶಿಕ್ಷೆಗಳನ್ನು ಕಂಡುಹಿಡಿದ. ಬೆಲ್ ಕೂಡ ದೋಷವಿಲ್ಲದವನಲ್ಲ. ಮರಳಿನ ಬರಹದಿಂದ ಹೆಸರು ಪಡೆದ ಆತನೇ, ಬಡವರ ಮಕ್ಕಳಿಗೆಲ್ಲ ಬರೆಯಲು, ಲೆಕ್ಕ ಮಾಡಲು ಕಲಿಸಬೇಕಾದ ಅಗತ್ಯವಿಲ್ಲ ಎಂಬ ಅಭಿಪ್ರಾಯವನ್ನೂ ಬರೆದಿದ್ದಾನೆ. ಎಗ್ಮೋರಿನ ಅನಾಥರಿಗೆ ಕೊಟ್ಟದ್ದನ್ನು ತನ್ನ ದೇಶದ ಬಡವರಿಗೆ ಪೂರ್ತಿ ಕೊಡಲು ಅವನ ಕೈ ಹಿಂಜರಿಯಿತು.

ಎಗ್ಮೋರಿನಲ್ಲಿ ಫ್ರಿಸ್ಕೆನ್ ಪಾಠ ಹೇಳುವಾಗ ಬೆಲ್ ಅವನ ಬೆನ್ನಹಿಂದೆ ಇದ್ದ. ಯಾವ ಮಗು ಎಲ್ಲಿ ತಡವರಿಸುತ್ತಿದೆ ಎಂಬುದು ಅವನಿಗೆ ಗೊತ್ತಿತ್ತು. ಲಂಡನ್ನಿನ ಸಾವಿರ ಮಕ್ಕಳ ಹಜಾರದಲ್ಲಿ ಅದು ಆಗದ ಮಾತು. ತಾನೇ ಅರೆಬರೆ ಕಲಿತ ಮಾನಿಟರು ತನ್ನ ಅರೆಬರೆ ವಿದ್ಯೆಯನ್ನೇ ಹಂಚಿದ. ವಿವರಣೆ ಹೋಗಿ ಬಾಯಿಪಾಠ ಬಂತು. ಗುರುವಿನ ಸಹಾಯಕನಾಗಿದ್ದ ಹುಡುಗ ಗುರುವಿನ ಬದಲಿಯಾದ. 1846ರಲ್ಲಿ ಇಂಗ್ಲೆಂಡ್ ಸರ್ಕಾರ ಹದಿಮೂರು ತುಂಬಿದ ವಿದ್ಯಾರ್ಥಿಗಳಿಗೆ ಐದು ವರ್ಷ ತರಬೇತಿ ಕೊಟ್ಟು, ಭತ್ಯೆಯನ್ನೂ ಕೊಟ್ಟು ಉಪಾಧ್ಯಾಯರನ್ನಾಗಿ ಮಾಡುವ ಯೋಜನೆ ತಂದಿತು. ಮಾನಿಟರುಗಳ ಕಾಲ ಅಲ್ಲಿಗೆ ಕ್ರಮೇಣ ಮುಗಿಯಿತು. ಪಾಠ ಹೇಳುವ ಕೆಲಸ ಹೋದಮೇಲೆ ಆ ಹುದ್ದೆಯಲ್ಲಿ ಉಳಿದದ್ದು ಕಾವಲು ಮಾತ್ರ.

ಮತ್ತೆ ಜಗಲಿಗೆ

ಕರ್ನಾಟಕದಲ್ಲಿ ಒಬ್ಬರೋ ಇಬ್ಬರೋ ಉಪಾಧ್ಯಾಯರಿರುವ ಶಾಲೆಗಳು ಇಂದಿಗೂ ಬಹಳ ಇವೆ. ಒಂದೇ ಕೋಣೆಯಲ್ಲಿ ಒಂದು, ಎರಡು, ಮೂರನೆಯ ತರಗತಿಯ ಮಕ್ಕಳು ಒಟ್ಟಿಗೆ ಕುಳಿತಿರುತ್ತಾರೆ. ಇಂಥ ಶಾಲೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ 'ನಲಿ-ಕಲಿ' ಆರಂಭವಾಯಿತು. ಆಂಧ್ರದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದ ಶಿಕ್ಷಕರು ಅದನ್ನು ರೂಪಿಸಿದರು. ಯುನಿಸೆಫ್ ನೆರವಾಯಿತು. 2009-10ರಲ್ಲಿ ಅದನ್ನು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆ ವಿಸ್ತರಿಸಲಾಯಿತು. ಕಲಿಕೆಯ ಏಣಿಯಲ್ಲಿ ಪ್ರತಿ ಮಗು ತನ್ನ ವೇಗದಲ್ಲಿ ಹತ್ತುತ್ತದೆ. ಮೆಟ್ಟಿಲಿಗೆ ತಕ್ಕಂತೆ ಮಕ್ಕಳು ಗುಂಪುಗಳಲ್ಲಿ ಕೂರುತ್ತಾರೆ. ಒಂದು ಗುಂಪಿಗೆ ಶಿಕ್ಷಕರ ಪೂರ್ತಿ ಸಹಾಯ, ಇನ್ನೊಂದಕ್ಕೆ ಸ್ವಲ್ಪ ಸಹಾಯ. ಮತ್ತೆರಡು ಗುಂಪುಗಳಲ್ಲಿ ಗೊತ್ತಿರುವ ಮಗು ಗೊತ್ತಿಲ್ಲದ ಮಗುವಿಗೆ ಹೇಳಿಕೊಡುತ್ತದೆ. ಕೊನೆಯದರಲ್ಲಿ ತಾನೇ ಕಲಿಯುವುದು. ಇಕ್ಕೇರಿಯ ದಾರಿಯ ನಾಲ್ವರು ಹುಡುಗರು ಇದನ್ನು ನೋಡಿದ್ದರೆ ಆಶ್ಚರ್ಯಪಡುತ್ತಿರಲಿಲ್ಲ.

ಆದರೆ ಲಂಡನ್ನಿನ ಹಜಾರದ ಪಾಠವನ್ನೂ ಮರೆಯುವಂತಿಲ್ಲ. ಮಕ್ಕಳು ಮಕ್ಕಳಿಗೆ ಕಲಿಸುತ್ತಾರೆ ಎಂಬುದು ಶಿಕ್ಷಕರನ್ನು ಕಡಿಮೆ ಮಾಡಲು ಕಾರಣವಾಗಕೂಡದು. ಖಾಲಿ ಹುದ್ದೆಯನ್ನು ತುಂಬದೆ ಬಿಟ್ಟು, ದೊಡ್ಡ ಹುಡುಗಿಯನ್ನು ಕರೆದು 'ಆ ಚಿಕ್ಕವರನ್ನು ನೋಡ್ಕೋ' ಎಂದರೆ ಅದು ಸಹಕಲಿಕೆಯಲ್ಲ. ಆ ಹುಡುಗಿಯ ಓದನ್ನು ಕಸಿದುಕೊಂಡಂತೆ. ಮಗು ಮಗುವಿಗೆ ಕಲಿಸುವಾಗ ಹತ್ತಿರದಲ್ಲೇ ಒಬ್ಬ ಗುರು ಇರಬೇಕು, ಇಬ್ಬರನ್ನೂ ಬಲ್ಲವನಾಗಿರಬೇಕು. ಎಗ್ಮೋರಿನ ಶಾಲೆ ಇನ್ನೂರು ಮಕ್ಕಳಿಗೆ ಸೀಮಿತವಾಗಿದ್ದುದೇ ಅದರ ಭಾಗ್ಯ.

ಮೇಷ್ಟ್ರು ನಾಳೆ ಹೊರಗೆ ಹೋಗುವಾಗ ಸೀಮೆಸುಣ್ಣ ಕೊಡಲೇಬೇಕಾದರೆ ಇನ್ನೊಂದು ಅಪ್ಪಣೆಯನ್ನೂ ಕೊಡಬಹುದು: ಏಳರ ಮಗ್ಗಿ ಬಾರದವನ ಪಕ್ಕದಲ್ಲಿ ಕುಳಿತು ಅದನ್ನು ಹೇಳಿಕೊಡು, ನಾನು ಬಂದಾಗ ಅವನು ಹೇಳಿ ತೋರಿಸಲಿ. ಬೋರ್ಡಿನ ಮೂಲೆಯಲ್ಲಿ ಹೆಸರುಗಳು ಇರಲಿಕ್ಕಿಲ್ಲ. ಗಲಾಟೆಯೂ ಸ್ವಲ್ಪ ಇದ್ದೇ ಇರುತ್ತದೆ. ಅದರ ನಡುವೆ ಏಳು ಎಂಟಲಿ ಐವತ್ತಾರು ಎಂಬುದು ಎರಡು ದನಿಗಳಲ್ಲಿ ಕೇಳಿಸಿದರೆ ಅಂದಿನ ಪಾಠ ನಡೆದಂತೆಯೇ.